ಎಣ್ಣೆ ಸೋರುವ ಹಳೆಯ ಬಂಡಿ: ಮನೆಯಂಗಳದ ಒಂದು ಕಾಯಕ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೋಟಾರ್‌ಸೈಕಲ್‌ಗಳು ತಯಾರಾದವು. ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನ ಆ ಬಂಡಿಗಳು ನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ. ತಂದೆ ಏರಿದ ಬಂಡಿಯನ್ನು ಮಗನು ಅಭಿಮಾನದಿಂದ ಕಾಪಾಡುತ್ತಾನೆ. ಆದರೆ ತಾಯಿ ಸಾರಿಸಿ ರಂಗೋಲಿಯಿಟ್ಟ ಅಂಗಳದಲ್ಲಿ ಸಂಜೆಗೆ ಎಣ್ಣೆಯ ಕಲೆ ಮೂಡಿದಾಗ, "ಇದನ್ನು ಗುಜರಿಗೆ ಹಾಕು" ಎಂಬ ಮಾತು ಹುಟ್ಟುತ್ತದೆ. ದುಡುಕುವುದು ಬೇಡ. ಹಾಗೆಂದು ಉದಾಸೀನವೂ ಸಲ್ಲದು. ಸೋರಿದ ಎಣ್ಣೆ ಹಿಂದಿನ ಟೈರಿಗೆ ತಾಗಿದರೆ ಬಂಡಿ ಜಾರಿ ಪ್ರಾಣಕ್ಕೇ ಸಂಚಕಾರ ಬಂದೀತು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕಾಯಕಯೋಗಿಗಳು. ಕೆರೆಯ ಏರಿ ಜಿನುಗಿದಾಗ ಒದ್ದೆಯಾದ ಕಡೆ ಮಣ್ಣು ಮೆತ್ತಿದರೆ ಸಾಲದು, ನೀರು ನುಗ್ಗುವ ಬಾಯಿಯನ್ನೇ ಅರಸಬೇಕು. ಎಂಜಿನಿನಲ್ಲಿಯೂ ಇದೇ ನ್ಯಾಯ. ಎಂಜಿನ್ ಆರಿದ ಮೇಲೆ, ಬೆಂಕಿಯಿಂದ ದೂರದಲ್ಲಿ, ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಅದನ್ನು ತೊಳೆದು ಒಣಗಿಸಿರಿ. ಸಂದುಗಳ ಮೇಲೆ ಟಾಲ್ಕಂ ಪುಡಿ ಉದುರಿಸಿ ಸ್ವಲ್ಪ ದೂರ ಓಡಿಸಿರಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಆದುದರಿಂದ ಪುಡಿ ನೆನೆದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಜಾಗವೇ ಸೋರಿಕೆಯ ಮೂಲ.

ಈ ಬಂಡಿಗಳದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆ ಉರಿದುಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕುವುದು ಹೆಚ್ಚಾಗಿ ಗೇರ್‌ಪೆಟ್ಟಿಗೆಯ ಎಣ್ಣೆ. ಮೊದಲು ಅದು ಅಳತೆ ಮೀರಿಲ್ಲವೆಂದು ನೋಡಿರಿ. ಅನಂತರ ತಳದ ಡ್ರೈನ್ ಬೋಲ್ಟಿನ ವಾಷರನ್ನು ಬದಲಿಸಿರಿ. ಬೋಲ್ಟನ್ನು ಬಲವಂತವಾಗಿ ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತುಹೋಗುತ್ತದೆ. ಕಿಕ್ ಮತ್ತು ಗೇರು ಎರಡಕ್ಕೂ ಇಲ್ಲಿ ಒಂದೇ ಲಿವರು. ಅದರ ಬುಡದಲ್ಲಿ ಜಿನುಗಿದರೆ ರಬ್ಬರ್ ಸೀಲು ವಯಸ್ಸಾಗಿ ಗಟ್ಟಿಯಾಗಿದೆಯೆಂದು ತಿಳಿಯಿರಿ.

ಎಡಬದಿಯ ಕ್ಲಚ್ ಮುಚ್ಚಳದ ಸಂದಿನಲ್ಲಿ ಸೋರಿದರೆ, ಎಣ್ಣೆಯನ್ನು ಬಸಿದು ಮುಚ್ಚಳ ಬಿಚ್ಚಿರಿ. ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಳಿಯಿಂದ ಕೆರೆದರೆ ಬೀಳುವ ಗೀರೇ ಹೊಸ ಸೋರಿಕೆಯ ದಾರಿ. ಹೊಸ ಗ್ಯಾಸ್ಕೆಟ್ ಇಟ್ಟು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಅಂಟನ್ನು ಅತಿಯಾಗಿ ಬಳಿದರೆ ಹೆಚ್ಚಿದ್ದು ಒಳಗೆ ಉದುರುತ್ತದೆ. ಕೊನೆಗೆ ತಯಾರಕರು ಸೂಚಿಸಿದ ಎಣ್ಣೆಯನ್ನು ಅಳತೆಯಂತೆ ತುಂಬಿರಿ.

ನೆಲದಲ್ಲಿ ಕಲೆಯಿಲ್ಲದೆ ಗೇರ್‌ಪೆಟ್ಟಿಗೆಯ ಎಣ್ಣೆ ಇಳಿಯುತ್ತ, ಹೊಗೆ ದಟ್ಟವಾಗುತ್ತಿದ್ದರೆ ಕ್ರ್ಯಾಂಕಿನ ಸೀಲು ಸವೆದು, ಎಣ್ಣೆ ಎಂಜಿನಿನೊಳಗೆ ಸೇರಿ ಉರಿಯುತ್ತಿರಬಹುದು. ಇದಕ್ಕೆ ಕ್ಲಚ್ಚು, ಚೈನುಗಳನ್ನು ಬಿಚ್ಚಬೇಕಾಗುವುದರಿಂದ ಅನುಭವಿ ಮೇಸ್ತ್ರಿಯ ಬಳಿಗೆ ಹೋಗುವುದೇ ಲೇಸು. ತನ್ನ ಮಿತಿಯನ್ನು ಅರಿಯುವುದೂ ಕಾಯಕದ ಒಂದು ಭಾಗ.

ಬಸಿದ ಎಣ್ಣೆಯನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯದಿರಿ. ಡಬ್ಬಿಯಲ್ಲಿ ಶೇಖರಿಸಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ. ನಮ್ಮ ಅಂಗಳ ಶುದ್ಧವಾಗಿ ನೆರೆಯವರ ಬಾವಿ ಕೆಟ್ಟರೆ ಅದು ಕಾಯಕವೆನಿಸದು.

ಒಂದು ಭಾನುವಾರ ತಂದೆಯೂ ಮಗನೂ ಜೊತೆಯಾಗಿ ಕುಳಿತು ಈ ಕೆಲಸ ಮಾಡಲಿ. ಕೈ ಕರಿದಾದೀತು, ಮನಸ್ಸು ತಿಳಿಯಾದೀತು. ಮರುದಿನ ಬೆಳಿಗ್ಗೆ ಆ ತಾಯಿಯ ರಂಗೋಲಿ ಸಂಜೆಯವರೆಗೂ ಅಳಿಯದೆ ಉಳಿಯಲಿ.