ಅಂಕೋಲೆಯ ಬೇಲೆಯಲ್ಲಿ ಕ್ಯಾಮರಾ

ಅಂಕೋಲಾದಲ್ಲಿ ಕ್ಯಾಮರಾ ಹಿಡಿದವರಿಗೆ ಮೊದಲ ಪಾಠ ಹೇಳುವುದು ಸಹ್ಯಾದ್ರಿ. ಪೂರ್ವದಲ್ಲಿ ಗುಡ್ಡಗಳ ಸಾಲು ಅಡ್ಡ ನಿಂತಿರುವುದರಿಂದ ಸೂರ್ಯ ಮೂಡಿದ ಮೇಲೂ ಸ್ವಲ್ಪ ಹೊತ್ತು ಬೇಲೆಯ, ಅಂದರೆ ಕಡಲದಡದ, ಮರಳಿಗೆ ನೇರ ಬಿಸಿಲು ತಾಗುವುದಿಲ್ಲ. ಆ ಹೊತ್ತಿನ ಬೆಳಕು ಮೆದು. ಮೀನುಗಾರರ ಮುಖ, ಒದ್ದೆ ಹಗ್ಗ, ದೋಣಿಯ ಬಣ್ಣ, ಯಾವುದರ ಮೇಲೂ ಗಡುಸು ನೆರಳಿರುವುದಿಲ್ಲ. ಬಿಸಿಲು ಗುಡ್ಡ ದಾಟಿತೆಂದರೆ ಬೆನ್ನ ಹಿಂದಿನಿಂದ ಬಂದು ಕಡಲನ್ನೂ ದೋಣಿಗಳನ್ನೂ ಬೆಳಗುತ್ತದೆ. ಸಂಜೆ ಎಲ್ಲ ತಿರುಗುಮುರುಗು. ಸೂರ್ಯ ಕಡಲ ಕಡೆ ಹೋಗಿರುತ್ತಾನೆ, ಅವನಿಗೆ ಅಡ್ಡ ಬಂದವರೆಲ್ಲ ಮುಖವಿಲ್ಲದ ಕಪ್ಪು ಆಕೃತಿಗಳಾಗುತ್ತಾರೆ. ಅಂಕೋಲೆ, ಕಾರವಾರದ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಚಿತ್ರಗಳಲ್ಲಿ ಹೆಚ್ಚಿನವು ಈ ಸಂಜೆಯವೇ. ಊರಿನ ಬದುಕು ಕಾಣಬೇಕಿದ್ದರೆ ಬೆಳಿಗ್ಗೆಯೇ ಹೋಗಬೇಕು.

ಹವ್ಯಾಸಿ ಛಾಯಾಗ್ರಾಹಕರ ತಂಡವೊಂದಕ್ಕೆ ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಬಗೆಯ ವಸ್ತು ಒದಗಿಸುವ ತಾಲ್ಲೂಕು ನಮ್ಮ ಕರಾವಳಿಯಲ್ಲಿ ಅಪರೂಪ. ಉತ್ತರಕ್ಕೆ ಹಾರವಾಡ, ಬೇಲೇಕೇರಿ. ಪೇಟೆಗೆ ಅಂಟಿಕೊಂಡಂತೆ ಕೇಣಿ, ನದಿಬಾಗ. ದಕ್ಷಿಣಕ್ಕೆ ಬೆಳಂಬಾರ, ಗಂಗಾವಳಿ ಕಡಲು ಸೇರುವಲ್ಲಿ ಮಂಜಗುಣಿ. ಒಳಗೆ ಹೊಕ್ಕರೆ ಗಜನಿ ಗದ್ದೆ, ಹಾಲಕ್ಕಿ ಒಕ್ಕಲಿಗರ ಕೊಪ್ಪ, ಇನ್ನೂ ಮೇಲೆ ಹತ್ತಿದರೆ ಹುಬ್ಬಳ್ಳಿ ರಸ್ತೆಯ ಇಕ್ಕೆಲದ ಕಾಡು. ಕಾರವಾರ ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಕಾಳಿ ನದಿ, ಸದಾಶಿವಗಡ, ದೇವಗಡ ದ್ವೀಪದ ದೀಪಸ್ತಂಭ, ರವೀಂದ್ರನಾಥ ಟ್ಯಾಗೋರರು ತರುಣರಾಗಿದ್ದಾಗ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ತಂಗಿದ್ದ ಕಡಲತೀರ.

ಒಂದು ದೃಶ್ಯವನ್ನಾದರೂ ಹತ್ತಿರದಿಂದ ಹೇಳಬೇಕು. ಅದು ಕೈರಂಪಣಿ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿದ್ದವರ ಕೈಯಲ್ಲಿರುತ್ತದೆ. ದೋಣಿ ಬಲೆ ಬಿಡುತ್ತ ಕಡಲಲ್ಲಿ ಅರ್ಧ ಸುತ್ತು ಹಾಕಿ ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುತ್ತದೆ. ಆಮೇಲೆ ಎರಡೂ ಕಡೆ ಎಳೆತ ಶುರು. ಎಳೆಯುವವರ ಮುಖಕ್ಕಿಂತ ಕಾಲು ನೋಡಿ: ಹಿಮ್ಮಡಿ ಮರಳಲ್ಲಿ ಹೂತಿರುತ್ತದೆ, ಮೈ ಹಿಂದಕ್ಕೆ ವಾಲಿರುತ್ತದೆ, ಸಾಲಿನ ತುದಿಗೆ ತಲುಪಿದವ ಹಗ್ಗ ಬಿಟ್ಟು ನೀರಿನ ಕಡೆ ಓಡಿ ಮತ್ತೆ ಮುಂದೆ ಹಿಡಿಯುತ್ತಾನೆ. ಎಳೆಯುತ್ತ ಎಳೆಯುತ್ತ ಎರಡು ಗುಂಪುಗಳೂ ಒಂದರತ್ತ ಒಂದು ಸರಿಯುತ್ತವೆ. ಬುಟ್ಟಿ ಹಿಡಿದ ಹೆಂಗಸರು ಬಂದು ನಿಲ್ಲುತ್ತಾರೆ, ಮೇಲೆ ಗರುಡಗಳು ಸುತ್ತುತ್ತವೆ. ಕೊನೆಗೆ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ತಾರ್ಲೆ, ಬಂಗಡೆ, ಸೆಟ್ಲಿ ಏನಿದ್ದರೂ ಒಂದೇ ಸಲ ಪುಟಿಯುತ್ತವೆ. ಹೊಸಬರು ಈ ಕೊನೆಯ ಗಳಿಗೆಗಾಗಿ ಬಲೆಯ ಎದುರಿಗೇ ಹೋಗಿ ನಿಂತು ಹಗ್ಗಕ್ಕೆ ಅಡ್ಡವಾಗುತ್ತಾರೆ, ಬೈಸಿಕೊಳ್ಳುತ್ತಾರೆ. ಒಳ್ಳೆಯ ಚಿತ್ರ ಬಹುಪಾಲು ಅದಕ್ಕಿಂತ ಮೊದಲೇ ಬಂದು ಹೋಗಿರುತ್ತದೆ, ಎರಡು ಸಾಲುಗಳ ನಡುವಿನ ಮರಳು ಕಿರಿದಾಗುತ್ತಿರುವಾಗ.

ಇದರ ಹಿಂದೆ ಇನ್ನೊಂದು ಚರಿತ್ರೆಯಿದೆ. ದೊಡ್ಡ ರಂಪಣಿ ಬಲೆ ಎಳೆಯಲು ಎಂಬತ್ತು, ನೂರು ಜನ ಬೇಕಾಗುತ್ತಿತ್ತು. ಕಾರವಾರ, ಅಂಕೋಲೆಯ ತೀರದ ಇಡೀ ಕೇರಿಗಳು ಅದರ ಪಾಲಿನಲ್ಲಿ ಬದುಕಿದ್ದವು. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂತು, ಬಂಗಡೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿತು, ದೊಡ್ಡ ರಂಪಣಿ ಮೂಲೆ ಸೇರಿತು. ಈಗ ಕಾಣುವುದು ಅದರ ಚಿಕ್ಕ ರೂಪ. ಆ ದೊಡ್ಡ ರಂಪಣಿಯ ಕಾಲದಲ್ಲಿ ಈ ತೀರದ ಒಂದೊಂದು ಊರಿನಲ್ಲೂ ನಾಲ್ಕು ಜನ ಹವ್ಯಾಸಿಗಳು ಬಾಕ್ಸ್ ಕ್ಯಾಮರಾ ಹಿಡಿದು, ಫೋಟೊದ ಬೆನ್ನ ಮೇಲೆ ತಾರೀಖು ಬರೆದಿಟ್ಟಿದ್ದರೆ ಎಂಥ ಆಸ್ತಿ ಉಳಿದಿರುತ್ತಿತ್ತು! ಫೋಟೊಗ್ರಫಿ ಕ್ಲಬ್ಬುಗಳ ಬಗ್ಗೆ ನನಗಿರುವ ಆಸೆಯ ಬೇರು ಇಲ್ಲಿದೆ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ಪರಂಪರೆಯಿದೆ. ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ ಐವತ್ತರ ದಶಕದ ಆರಂಭದಲ್ಲಿ ದೇಶದ ಕ್ಲಬ್ಬುಗಳನ್ನೆಲ್ಲ ಒಂದುಗೂಡಿಸಿ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿ ಕಟ್ಟಿದರು. ಅದರ ಪತ್ರಿಕೆ ‘ವ್ಯೂಫೈಂಡರ್’. ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ ಹುಟ್ಟಿದ್ದು 1950ರಲ್ಲಿ. ನಮ್ಮವರು ಹಿಂದೆ ಬಿದ್ದಿರಲಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ನೃಪತುಂಗ ರಸ್ತೆಯ ರಾಜ್ಯ ಯುವ ಕೇಂದ್ರದಲ್ಲಿ ನೆಲೆ ಕಂಡುಕೊಂಡು ಐವತ್ತು ವರ್ಷ ದಾಟಿದ ಈ ಸಂಸ್ಥೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆ ನಡೆಸುತ್ತದೆ, ಪ್ರದರ್ಶನ ಏರ್ಪಡಿಸುತ್ತದೆ, ‘ದೃಷ್ಟಿ’ ಎಂಬ ಪತ್ರಿಕೆ ತರುತ್ತದೆ. ಸಿ. ರಾಜಗೋಪಾಲರ ಕಪ್ಪುಬಿಳುಪು ಚಿತ್ರಗಳು, ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು ಈ ವಾತಾವರಣದಲ್ಲಿ ಬೆಳೆದವು. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಅವರ ಕಾಡಿನ ಚಿತ್ರಗಳಿಗೂ ದೇಶವಿದೇಶದ ಸ್ಪರ್ಧಾ ಪ್ರದರ್ಶನಗಳಾದ ಸಲಾನ್‌ಗಳಲ್ಲಿ ಅಷ್ಟೇ ಹೆಸರಿತ್ತು. ಇವರಲ್ಲಿ ಹಲವರಿಗೆ ಫೋಟೊ ಹೊಟ್ಟೆಪಾಡಾಗಿರಲಿಲ್ಲ. ಬೇರೆ ಕೆಲಸ ಮಾಡಿ, ಬಿಡುವಿನಲ್ಲಿ ಕಲಿತವರು ಅವರು.

ಇಂಥ ಕ್ಲಬ್ಬಿನ ಪ್ರಾಣವಿರುವುದು ಸದಸ್ಯರು ತಂದ ಚಿತ್ರಗಳನ್ನು ಎಲ್ಲರೂ ಕೂತು ನೋಡುವ ಕೂಟದಲ್ಲಿ. ಚಿತ್ರ ಯಾರದೆಂದು ಹೇಳುವುದಿಲ್ಲ, ಪರದೆಯ ಮೇಲೆ ಬರುತ್ತದೆ. ಹಿರಿಯರೊಬ್ಬರು ದಿಗಂತ ವಾಲಿದೆ ಎನ್ನುತ್ತಾರೆ, ಇನ್ನೊಬ್ಬರು ಎಡಮೂಲೆಯ ಪ್ಲಾಸ್ಟಿಕ್ ಕೊಡ ಕಣ್ಣು ಸೆಳೆಯುತ್ತದೆ ಎನ್ನುತ್ತಾರೆ, ಮತ್ತೊಬ್ಬರು ಆ ಕೊಡ ಇರಬೇಕು, ಅದೇ ಊರಿನ ಗುರುತು ಎಂದು ವಾದಿಸುತ್ತಾರೆ. ಒಂದು ಮೆಚ್ಚುಗೆಯ ಗುಂಡಿ ಒತ್ತಿ ಮುಂದೆ ಸಾಗುವ ಮೊಬೈಲಿನಲ್ಲಿ ಇದು ಸಿಗುವುದಿಲ್ಲ.

ದೊಡ್ಡ ಸ್ಪರ್ಧೆಗಳಲ್ಲಿ ಪದ್ಧತಿ ಇನ್ನೂ ಬಿಗಿ. ಮೂವರು ತೀರ್ಪುಗಾರರು ತಮ್ಮ ತಮ್ಮ ಅಂಕ ಕೊಡುತ್ತಾರೆ, ಮೂರನ್ನೂ ಕೂಡಿಸಿ ಪ್ರದರ್ಶನಕ್ಕೆ ಯೋಗ್ಯವಾದವನ್ನು ಆರಿಸುತ್ತಾರೆ. ಬಂದದ್ದರಲ್ಲಿ ಬಹುಭಾಗ ಅಲ್ಲೇ ಉದುರುತ್ತದೆ. ಹೀಗೆ ಹಲವು ದೇಶಗಳ ಸಲಾನ್‌ಗಳಲ್ಲಿ ಸ್ವೀಕೃತಿ ಸಂಪಾದಿಸುತ್ತ ಹೋದವರಿಗೆ ಫಿಯಾಪ್‌ನ ಪದವಿಗಳು. ಪದವಿಯ ಹಿಂದೆ ಬಿದ್ದು, ಗೆದ್ದ ಚಿತ್ರವನ್ನೇ ಹೋಲುವ ಚಿತ್ರ ತೆಗೆಯುತ್ತ ಕೂರುವವರೂ ಇದ್ದಾರೆ. ಅದು ಈ ಲೋಕದ ನಿಜವಾದ ಕಾಯಿಲೆ.

ಆದರೆ ಸ್ಪರ್ಧೆಯ ನಿಯಮಗಳನ್ನು ಅಂಕೋಲೆಯ ನೆಲದ ಮೇಲೆ ಇಟ್ಟು ನೋಡಿದರೆ ಅವು ಕಲಿಸುವುದು ಬಹಳ. ನಿಸರ್ಗ ವಿಭಾಗವನ್ನೇ ತೆಗೆದುಕೊಳ್ಳಿ. ಫಿಯಾಪ್, ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ಒಪ್ಪಿದ ವ್ಯಾಖ್ಯೆಯ ಪ್ರಕಾರ ಇಲ್ಲಿ ಮನುಷ್ಯನ ಕೈವಾಡ ಕಾಣಬಾರದು. ನೆಟ್ಟು ಬೆಳೆಸಿದ ಗಿಡ, ಸಾಕಿದ ಪ್ರಾಣಿ ಸಲ್ಲದು. ಅಂಚು ಕತ್ತರಿಸಬಹುದು, ಆದರೆ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಹಾಗಾದರೆ ನದಿಬಾಗದ ಗಾಳಿಮರದ ಸಾಲಿನ ಹಿಂದೆ ಕೆಂಪಾದ ಆಕಾಶ? ಅದು ನಿಸರ್ಗವಲ್ಲ. ಗಾಳಿಮರ ಈ ತೀರಕ್ಕೆ ಹೊರಗಿನಿಂದ ಬಂದದ್ದು. 1868ರ ಸುಮಾರಿಗೆ ಕಾರವಾರದಲ್ಲಿ ನೆಟ್ಟದ್ದೇ ದೇಶದ ಮೊದಲ ನೆಡುತೋಪು ಎನ್ನುತ್ತವೆ ಅರಣ್ಯಶಾಸ್ತ್ರದ ಪುಸ್ತಕಗಳು. ತೆಂಗಿನ ತೋಟವೂ ಅಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕರಿ ಇಶಾಡು ಮಾವು ಎಷ್ಟೇ ಚೆಂದ ತೂಗುತ್ತಿದ್ದರೂ ಅಲ್ಲ. ಬೇಲೇಕೇರಿಯಲ್ಲಿ ದೋಣಿಯ ಗೂಟದ ಮೇಲೆ ಕೂತ ಮಿಂಚುಳ್ಳಿ? ಇಲ್ಲಿ ವಾದಕ್ಕೆ ಜಾಗವಿದೆ. ಮನುಷ್ಯನ ಪರಿಸರಕ್ಕೆ ಒಗ್ಗಿಕೊಂಡ ಜೀವಿಯ ಕಥೆಗೆ ಆ ವಸ್ತು ಅಗತ್ಯವಾಗಿದ್ದರೆ ನಿಯಮ ವಿನಾಯಿತಿ ಕೊಡುತ್ತದೆ. ಈ ವಾದ ಮಾಡುತ್ತ ಮಾಡುತ್ತ ನಮ್ಮೂರಿನ ತೀರದಲ್ಲಿ ಯಾವುದು ಮೊದಲಿನಿಂದ ಇದ್ದದ್ದು, ಯಾವುದು ನೆಟ್ಟದ್ದು ಎಂದು ಹುಡುಗರು ಗುರುತಿಸಲು ಕಲಿಯುತ್ತಾರೆ. ಪದಕಕ್ಕಿಂತ ಅದು ದೊಡ್ಡ ಲಾಭ.

ಗೂಡಿನ ಚಿತ್ರಗಳನ್ನು ನಮ್ಮ ದೇಶದ ಅನೇಕ ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ಉತ್ತರ ಕನ್ನಡದ ತೀರದ ಎತ್ತರದ ಮರಗಳಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದಿಗೆ ಈ ನಿಯಮವೇ ಶ್ರೀರಕ್ಷೆ. ಚಳಿಗಾಲದಲ್ಲಿ ಮೊಟ್ಟೆ ಇಡಲು ದಡಕ್ಕೆ ಬರುವ ಕಡಲಾಮೆಗಳ ಮುಂದೆ ಫ್ಲ್ಯಾಶ್ ಹೊಡೆಯದಿರುವುದನ್ನು ಕೂಡ ಯಾರಾದರೂ ಹೇಳಿಕೊಡಬೇಕು. ಕ್ಲಬ್ಬಿದ್ದರೆ ಹಿರಿಯರು ಹೇಳುತ್ತಾರೆ, ಒಬ್ಬಂಟಿಗೆ ಹೇಳುವವರಿಲ್ಲ.

ಇನ್ನು ಹಾಲಕ್ಕಿಗಳ ವಿಷಯ. ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕಾಗುತ್ತದೆ. ಕೊರಳ ತುಂಬ ಕರಿಮಣಿ ಸರ, ರವಿಕೆಯಿಲ್ಲದೆ ಉಟ್ಟ ಸೀರೆ, ಸುಕ್ಕುಗಟ್ಟಿದ ಮುಖ: ಈ ಚಿತ್ರ ಎಷ್ಟೋ ಪ್ರದರ್ಶನಗಳಲ್ಲಿ ‘ಬುಡಕಟ್ಟು ಮಹಿಳೆ’ ಎಂಬ ಶೀರ್ಷಿಕೆಯಡಿ ತೂಗುತ್ತದೆ. ಅಜ್ಜಿಗೆ ಹೆಸರಿಲ್ಲ, ಊರಿಲ್ಲ, ಅವರು ಹಾಡುವ ಹಾಡಿನ ಸುಳಿವಿಲ್ಲ. ಇದೇ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ಎಲ್ಲರ ಸುಕ್ರಜ್ಜಿ, ನೂರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು, ಸಾರಾಯಿ ವಿರುದ್ಧ ಬೀದಿಗಿಳಿದವರು. 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತ ಆಯುಷ್ಯ ಕಳೆದವರು. 2021ರ ನವೆಂಬರಿನಲ್ಲಿ ಅವರು ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಉಡುಗೆ ಅದೇ, ಮಣಿಸರ ಅದೇ. ಆದರೆ ಆ ಚಿತ್ರದ ಕೆಳಗೆ ಹೆಸರಿತ್ತು, ಕೆಲಸವಿತ್ತು, ಊರಿತ್ತು. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಈ ಇಬ್ಬರ ತಲೆಮಾರಿನ ಇನ್ನೂ ಎಷ್ಟೋ ಅಜ್ಜಿಯರು ಕೊಪ್ಪಗಳಲ್ಲಿದ್ದಾರೆ. ಅವರ ಮನೆ ಜಗುಲಿಯಲ್ಲಿ ಒಂದಿಷ್ಟು ಹೊತ್ತು ಕೂತು, ಮಾತಾಡಿಸಿ, ಒಪ್ಪಿಗೆ ಕೇಳಿ, ಆಮೇಲೆ ಕ್ಯಾಮರಾ ತೆಗೆಯಬೇಕು.

ಪ್ರವಾಸ ಚಿತ್ರ ವಿಭಾಗದ ನಿಯಮ ಇದಕ್ಕೆ ಪೂರಕವಾಗಿದೆ. ಒಂದು ನಾಡಿನ ಬದುಕು, ಸಂಸ್ಕೃತಿ ಇದ್ದ ಹಾಗೆ ಕಾಣಬೇಕು. ಹಣ ಕೊಟ್ಟು ನಿಲ್ಲಿಸಿ, ಹೊಗೆ ಹಾಕಿ ತೆಗೆದದ್ದು ಅಲ್ಲಿ ಸಲ್ಲದು. ಇದ್ದ ಹಾಗೆ ನೋಡಬೇಕೆಂದರೆ ಫಾಲ್ಗುಣದಲ್ಲಿ ಬನ್ನಿ. ಬೆಳಂಬಾರದಂಥ ಊರುಗಳ ಸುಗ್ಗಿ ತಂಡಗಳು ತಲೆಗೆ ತುರಾಯಿ ಕಟ್ಟಿಕೊಂಡು ಗುಮಟೆ ಬಾರಿಸುತ್ತ ಮನೆಯಿಂದ ಮನೆಗೆ ಕುಣಿದು ಬರುವ ಕಾಲ ಅದು. ಕುಣಿತದ ನಡುವೆ ನುಗ್ಗಬೇಡಿ. ತುರಾಯಿ ಕಟ್ಟುವ ಹೊತ್ತಿಗೇ ಹೋಗಿ ಅಂಗಳದ ಮೂಲೆಯಲ್ಲಿ ನಿಂತರೆ ಸಿಗುವ ಚಿತ್ರ ಬೇರೆಯೇ.

2024ರ ಮಳೆಗಾಲ ಈ ಸೀಮೆಗೆ ದೊಡ್ಡ ಪೆಟ್ಟು ಕೊಟ್ಟಿತು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು, ಜೀವಗಳು ಹೋದವು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ನದಿಗೆ ಬಿತ್ತು. ಆ ಸೇತುವೆಯನ್ನು ಮುಸ್ಸಂಜೆಯ ಚೆಲುವಿಗಾಗಿ ಎಷ್ಟೋ ಹವ್ಯಾಸಿಗಳು ತೆಗೆದಿಟ್ಟಿದ್ದಾರೆ. ಅಂದದ ಚಿತ್ರವಾಗಿದ್ದದ್ದು ಈಗ ದಾಖಲೆ. ತಾರೀಖು, ಜಾಗ ಬರೆದಿಟ್ಟವರ ಚಿತ್ರಕ್ಕೆ ಬೆಲೆ ಹೆಚ್ಚು. ಕೇಣಿಯಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆ ಬಂದಿದೆ, ಮೀನುಗಾರರು ವಿರೋಧಿಸುತ್ತಿದ್ದಾರೆ. ಬಂದರು ಬರಲಿ ಬಿಡಲಿ, ಇಂದಿನ ಕೇಣಿಯ ಬೇಲೆ, ಮೀನು ಒಣಗಿಸುವ ಅಂಗಳ, ದೋಣಿ ನಿಲ್ಲುವ ಜಾಗ, ಅಲ್ಲಿನ ಮನೆಗಳ ಸಾಲು ಒಂದನ್ನೂ ಬಿಡದೆ ಚಿತ್ರದಲ್ಲಿ ಉಳಿಯಬೇಕು. ಪತ್ರಿಕೆಯ ಫೋಟೊಗ್ರಾಫರ್ ಘಟನೆ ನಡೆದ ದಿನ ಬರುತ್ತಾನೆ. ಏನೂ ನಡೆಯದ ದಿನಗಳನ್ನು ತೆಗೆದಿಡಬಲ್ಲವರು ಊರಿನ ಹವ್ಯಾಸಿಗಳು ಮಾತ್ರ.

ಕಾಲೇಜು ಮಕ್ಕಳಿಂದಲೇ ಇಂಥದೊಂದು ಕ್ಲಬ್ಬು ಶುರು ಮಾಡಬಹುದು. ದಿನಕರ ದೇಸಾಯಿಯವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಗೋಖಲೆ ಸೆಂಟಿನರಿ ಕಾಲೇಜು 1966ರಿಂದ ಈ ಊರಿನ ಮೂರು ತಲೆಮಾರುಗಳನ್ನು ಓದಿಸಿದೆ. ಉಪ್ಪಿನ ಸತ್ಯಾಗ್ರಹಕ್ಕೆ, ಕರನಿರಾಕರಣೆಗೆ ಎದೆಯೊಡ್ಡಿದ ಊರಿನ ಮಕ್ಕಳಿಗೆ ತಮ್ಮ ಕಾಲವನ್ನು ದಾಖಲಿಸುವ ಹುಮ್ಮಸ್ಸು ಹೊಸದಾಗಿ ಕಲಿಸಬೇಕಿಲ್ಲ. ದುಬಾರಿ ಕ್ಯಾಮರಾ ಬೇಕಿಲ್ಲ, ಜೇಬಿನ ಮೊಬೈಲು ಸಾಕು. ಕ್ಯಾಮರಾ ಇದ್ದವರು ಒಂದು ಮಾತು ಕೇಳಿ: ಉಪ್ಪುಗಾಳಿ ಲೆನ್ಸಿಗೆ ಶತ್ರು, ಮಳೆಗಾಲದ ತೇವ ಅದಕ್ಕಿಂತ ದೊಡ್ಡ ಶತ್ರು. ಬೇಲೆಯಿಂದ ಬಂದ ತಕ್ಷಣ ಹಸಿಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡದಿದ್ದರೆ ಜುಲೈ ಮುಗಿಯುವುದರೊಳಗೆ ಗಾಜಿನ ಒಳಗೆ ಬೂಸ್ಟು ಕಟ್ಟುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳು ದಡದಲ್ಲಿ ಮಲಗಿರುತ್ತವೆ. ವರ್ಷದ ಚಿತ್ರಗಳನ್ನು ಹರವಿಕೊಂಡು ಚರ್ಚಿಸಲು, ಆರಿಸಲು, ವಿವರ ಬರೆಯಲು ಅದೇ ತಕ್ಕ ಕಾಲ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಕ್ಲಬ್ಬು ಸ್ಪರ್ಧೆ ಇಟ್ಟರೆ ಅದರ ಫಲಿತಾಂಶ ಆ ದಿನ ಹೇಳಬಹುದು.

ಪ್ರದರ್ಶನ ಮಾತ್ರ ವೈಶಾಖದವರೆಗೆ ಕಾಯಲಿ. ಶಾಂತಾದುರ್ಗೆಯ ಬಂಡಿಹಬ್ಬಕ್ಕೆ ತಾಲ್ಲೂಕಿನ ಮೂಲೆಮೂಲೆಯಿಂದ ಜನ ಪೇಟೆಗೆ ಇಳಿಯುತ್ತಾರೆ. ದೊಡ್ಡ ಪ್ರಿಂಟ್ ಮಾಡಿಸಿ ಪೇಟೆಬೀದಿಯಲ್ಲೇ ತೂಗುಹಾಕಿದರೆ ಹಾರವಾಡದ ದೋಣಿಯವರು, ಹೊನ್ನಳ್ಳಿಯ ಗೌಡರು, ಮೀನುಪೇಟೆಯ ಹೆಂಗಸರು ನಿಂತು ನೋಡುತ್ತಾರೆ. ಇದು ನಮ್ಮ ಬಾವ, ಇದು ಹೋದ ವರ್ಷ ಮಾರಿದ ದೋಣಿ ಎನ್ನುತ್ತಾರೆ. ವಿವರದ ಚೀಟಿಯಲ್ಲಿ ಹೆಸರು ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸುತ್ತಾರೆ.