ಮೈ ಕಟ್ಟಲು ಡಬ್ಬಿ ಬೇಕೆ?



ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಕಡೆಗೋ ಹಂಗಳದ ಕಡೆಗೋ ಹೊರಟರೆ ರಸ್ತೆಯ ಎರಡೂ ಬದಿಯಲ್ಲಿ ಏನು ಕಾಣುತ್ತದೆ? ಮುಂಗಾರಿನ ದಿನಗಳಲ್ಲಿ ಸೂರ್ಯಕಾಂತಿ ಮತ್ತು ಚೆಂಡುಹೂವು. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ಈ ಹೂವಿನ ಹೊಲಗಳ ಮುಂದೆಯೇ. ಆದರೆ ಹೂವಿನ ಆಚೆಗೂ ಸ್ವಲ್ಪ ಕಣ್ಣು ಹಾಯಿಸಿ. ರಾಗಿ, ಜೋಳ, ಕಡಲೆಕಾಯಿ, ಅವರೆ, ಅಲಸಂದೆ, ಹಿಂಗಾರಿನಲ್ಲಿ ಹುರುಳಿ. ಫೋಟೋಕ್ಕೆ ಒದಗದ ಈ ಬೆಳೆಗಳೇ ಇಂದಿನ ನಮ್ಮ ಮಾತಿನ ವಸ್ತು.

ಇನ್ನು ಪೇಟೆಯೊಳಕ್ಕೆ ಬನ್ನಿ. ಹಿಂದೆ ಮೈ ಪಳಗಿಸಬೇಕೆನ್ನುವವರು ಗರಡಿಮನೆಗೆ ಹೋಗುತ್ತಿದ್ದರು. ಈಗ ತಾಲ್ಲೂಕು ಕೇಂದ್ರಗಳಲ್ಲೂ ಜಿಮ್‌ಗಳಿವೆ. ನೀವು ಅಲ್ಲಿಗೆ ಹೋಗತೊಡಗಿದ ಒಂದೆರಡು ವಾರದಲ್ಲೇ ಪಕ್ಕದವರು ಯಾರಾದರೂ ಕೇಳುತ್ತಾರೆ: "ಪ್ರೊಟೀನ್ ತಗೋತಿದೀಯಾ?" ಅವರು ಕೇಳುವುದು ಅವರೆಕಾಳಿನ ವಿಷಯವಲ್ಲ, ಡಬ್ಬಿಯಲ್ಲಿ ಬರುವ ಪುಡಿಯ ವಿಷಯ. ಅದಿಲ್ಲದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂಬ ಮಾತೂ ಜೊತೆಗೆ ಬರುತ್ತದೆ. ಆ ಒಂದು ಡಬ್ಬಿಯ ಬೆಲೆ, ಹೊಲದಲ್ಲಿ ಹೂ ಬಿಡಿಸುವ ತಾಯಿಯ ಹಲವು ದಿನಗಳ ಕೂಲಿ. ಆದ್ದರಿಂದ ಕೊಳ್ಳುವ ಮುನ್ನ ಕೂತು ಲೆಕ್ಕ ಹಾಕುವುದು ಒಳ್ಳೆಯದು.

ಹೆಸರಿನಲ್ಲೇ ಇರುವ ಗುಟ್ಟು

ಪ್ರೊಟೀನಿಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಹೆಸರು ಸಸಾರಜನಕ. ಸಾರಜನಕ ಎಂದರೆ ನೈಟ್ರೋಜನ್. ಅದನ್ನು ಒಳಗೊಂಡದ್ದು ಸಸಾರಜನಕ. ಅನ್ನದ ಪಿಷ್ಟದಲ್ಲಾಗಲಿ ಎಣ್ಣೆಯ ಕೊಬ್ಬಿನಲ್ಲಾಗಲಿ ಇಲ್ಲದ ನೈಟ್ರೋಜನ್ ಪ್ರೊಟೀನಿನಲ್ಲಿದೆ, ತೂಕದಲ್ಲಿ ಸುಮಾರು ಶೇಕಡಾ 16ರಷ್ಟು. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಣಿಸರದಂತೆ ಪ್ರೊಟೀನು ಅಮೈನೋ ಆಮ್ಲಗಳನ್ನು ಪೋಣಿಸಿ ಆದದ್ದು. ಇಪ್ಪತ್ತು ಬಗೆಯ ಮಣಿಗಳಿವೆ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ನೀವು ತಿಂದದ್ದು ಹಾಲಿನ ಪ್ರೊಟೀನಾಗಲಿ ಹುರುಳಿಯ ಪ್ರೊಟೀನಾಗಲಿ, ಹೊಟ್ಟೆ ಮತ್ತು ಕರುಳು ಆ ಸರವನ್ನು ಬಿಡಿಸಿ ಮಣಿ ಮಾಡುತ್ತವೆ. ರಕ್ತಕ್ಕೆ ಸೇರಿದ ಮೇಲೆ ಈ ಮಣಿ ಡಬ್ಬಿಯಿಂದ ಬಂತೋ ಮಡಕೆಯಿಂದ ಬಂತೋ ಎಂದು ಸ್ನಾಯು ಕೇಳುವುದಿಲ್ಲ.

ಸ್ನಾಯು ಬೆಳೆಯುವ ಬಗೆ

ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಎಳೆತ ಬೀಳುತ್ತದೆ. "ಇನ್ನಷ್ಟು ಬಲ ಬೇಕು" ಎಂಬ ಸೂಚನೆ ಅದು. ಆಗ ಸ್ನಾಯುಕೋಶಗಳು ಅಮೈನೋ ಆಮ್ಲಗಳನ್ನು ತೆಗೆದುಕೊಂಡು ಹೊಸ ಪ್ರೊಟೀನು ಕಟ್ಟುತ್ತವೆ, ಎಳೆ ದಪ್ಪವಾಗುತ್ತದೆ. ಈ ಕೆಲಸ ವ್ಯಾಯಾಮ ಮುಗಿದ ಮೇಲೂ ಒಂದು ದಿನಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ಹಾಗಾಗಿಯೇ ನಿದ್ರೆ ಮತ್ತು ವಿಶ್ರಾಂತಿ ವ್ಯಾಯಾಮದಷ್ಟೇ ಮುಖ್ಯ.

ಇಲ್ಲೊಂದು ಸರಳ ಲೆಕ್ಕವಿದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು. ಒಂದು ಕಿಲೋ ಸ್ನಾಯುವಿನಲ್ಲಿರುವ ಪ್ರೊಟೀನು ಸುಮಾರು 200 ಗ್ರಾಂ ಮಾತ್ರ. ಹೊಸಬರೊಬ್ಬರು ಶ್ರದ್ಧೆಯಿಂದ ದುಡಿದು ತಿಂಗಳಿಗೆ ಒಂದು ಕಿಲೋ ಸ್ನಾಯು ಗಳಿಸಿದರು ಎಂದುಕೊಳ್ಳೋಣ. ಅದು ಬಹಳ ಒಳ್ಳೆಯ ಪ್ರಗತಿ. ಅದಕ್ಕೆ ದಿನವೂ ಕೂಡಿಕೊಂಡ ಪ್ರೊಟೀನು ಏಳು ಗ್ರಾಂ. ಒಂದು ಮೊಟ್ಟೆಯಲ್ಲಿರುವಷ್ಟು! ಕಟ್ಟುವ ಕೆಲಸದಲ್ಲಿ ನಷ್ಟವೂ ಇರುವುದರಿಂದ ಇದಕ್ಕಿಂತ ಹೆಚ್ಚು ತಿನ್ನಬೇಕು, ನಿಜ. ಆದರೆ ಬಕೆಟ್ ಬಕೆಟ್ ಪುಡಿ ಬೇಕಾಗಿಲ್ಲ.

ಹೆಚ್ಚಾಗಿ ತಿಂದದ್ದು ಏನಾಗುತ್ತದೆ? ಕೊಬ್ಬಿನಂತೆ ಪ್ರೊಟೀನನ್ನು ಕೂಡಿಡಲು ದೇಹದಲ್ಲಿ ಕಣಜವಿಲ್ಲ. ಯಕೃತ್ತು ಅದರ ನೈಟ್ರೋಜನ್ ಭಾಗವನ್ನು ಬೇರ್ಪಡಿಸಿ ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಉಳಿದದ್ದು ಶಕ್ತಿಗೆ ಉರಿಯುತ್ತದೆ, ಇಲ್ಲವೇ ಕೊಬ್ಬಾಗುತ್ತದೆ. ಆರೋಗ್ಯವಂತರ ಮೂತ್ರಪಿಂಡ ಈ ಕೆಲಸವನ್ನು ತಾಳಿಕೊಳ್ಳುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಇದು ಅಪಾಯ.

ಎಷ್ಟು ಬೇಕು?

ಗುಂಡ್ಲುಪೇಟೆ ಇರುವ ಜಾಗವೇ ಈ ಪ್ರಶ್ನೆಗೆ ತಕ್ಕದ್ದು. ದಕ್ಷಿಣಕ್ಕೆ ಬಂಡೀಪುರದ ಕಾಡು ಹಾಯ್ದು ಊಟಿ ದಾಟಿದರೆ ಕೂನೂರು. ಆಹಾರ ಮತ್ತು ಆರೋಗ್ಯದ ಸಂಬಂಧವನ್ನು ಅರಸುವ ಪುಟ್ಟ ಪ್ರಯೋಗಾಲಯವೊಂದು ಅಲ್ಲಿ 1918ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಅದೇ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಭಾರತೀಯರಿಗೆ ದಿನಕ್ಕೆ ಎಷ್ಟು ಪೋಷಕಾಂಶ ಬೇಕೆಂದು ಹೇಳುವುದು ಅದರ ಹೊಣೆ.

2020ರಲ್ಲಿ ಪ್ರಕಟವಾದ ಅದರ ಪಟ್ಟಿಯಂತೆ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನು ಸಾಕು. 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ 46 ಗ್ರಾಂ. ಭಾರ ಎತ್ತುವವರಿಗೆ, ಕುಸ್ತಿ ಕಬಡ್ಡಿ ಆಡುವವರಿಗೆ ಇದಕ್ಕಿಂತ ಹೆಚ್ಚು ಬೇಕು: ಕಿಲೋಗೆ 1.2ರಿಂದ 1.6 ಗ್ರಾಂವರೆಗೆ. ಅದನ್ನು ಮೀರಿದರೆ ಸ್ನಾಯುವಿಗೆ ಆಗುವ ಹೆಚ್ಚಿನ ಲಾಭ ಅತ್ಯಲ್ಪ. ನಿಮ್ಮ ತೂಕ 55 ಕಿಲೋ ಇದ್ದರೆ ಬೇಕಾದದ್ದು 66ರಿಂದ 88 ಗ್ರಾಂ.

ಕಟ್ಟು ನಮಗೆ, ಕಾಳು ಎತ್ತಿಗೆ

ಇಷ್ಟು ಪ್ರೊಟೀನು ಮನೆಯ ಊಟದಲ್ಲಿ ಸಿಗುತ್ತದೆಯೇ? ಸಿಗುತ್ತದೆ. ಆದರೆ ನಮ್ಮ ಅಡುಗೆಯ ಒಂದು ಪದ್ಧತಿಯನ್ನು ಮೊದಲು ಗಮನಿಸಬೇಕು.

ಹುರುಳಿಕಟ್ಟಿನ ಸಾರು ನಿಮಗೆ ಗೊತ್ತು. ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡುತ್ತಾರೆ. ಬೆಂದ ಕಾಳು? ಹಲವು ಮನೆಗಳಲ್ಲಿ ಅದು ಎತ್ತಿಗೆ, ಹಸುವಿಗೆ. ಸಾರಿನ ರುಚಿಗೆ ಸಾಟಿಯಿಲ್ಲ, ಒಪ್ಪೋಣ. ಆದರೆ ನೂರು ಗ್ರಾಂ ಹುರುಳಿಯಲ್ಲಿರುವ 22 ಗ್ರಾಂನಷ್ಟು ಪ್ರೊಟೀನಿನ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲೇ, ಕಟ್ಟಿನಲ್ಲಲ್ಲ. ಉಳುವ ಎತ್ತಿಗೆ ಬಲ ಬರಲಿ ಎಂದು ಕಾಳು ಕೊಡುತ್ತೇವೆ. ಮಗ ಮೈ ಕಟ್ಟಲಿ ಎಂದು ಪೇಟೆಯಿಂದ ಡಬ್ಬಿ ತರುತ್ತೇವೆ! ಎತ್ತಿನ ಪಾಲನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ನಿಮ್ಮ ಪಾಲಿನ ಒಂದು ಹಿಡಿ ಕಾಳನ್ನು ಒಗ್ಗರಿಸಿ ತಟ್ಟೆಗೆ ಹಾಕಿಕೊಳ್ಳಿ. ಹುರುಳಿಯನ್ನು ನೆನೆಸಿ, ಮೊಳಕೆ ಬರಿಸಿ, ಬೇಯಿಸಿದರೆ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳು ಕಡಿಮೆಯಾಗುತ್ತವೆ.

ಇನ್ನೊಂದು ಆಕ್ಷೇಪವನ್ನು ನೀವು ಕೇಳಿರಬಹುದು: ಸಸ್ಯದ ಪ್ರೊಟೀನು ಅಪೂರ್ಣವಂತೆ. ಒಂಟಿಯಾಗಿ ತಿಂದರೆ ಆ ಮಾತಿನಲ್ಲಿ ಸತ್ಯವಿದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೋನಿನ್ ಕಡಿಮೆ, ಅದು ಧಾನ್ಯದಲ್ಲಿದೆ. ರಾಗಿಮುದ್ದೆಯ ಜೊತೆ ಅವರೆಕಾಳಿನ ಸಾರು, ಅನ್ನದ ಜೊತೆ ಅಲಸಂದೆಯ ಹುಳಿ ಬಡಿಸಿದ ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೂ ಅವರ ಊಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು.

ಈಗ ಒಂದು ದಿನದ ತಟ್ಟೆಯನ್ನು ಎಣಿಸೋಣ. ತೂಕವೆಲ್ಲ ಬೇಯಿಸುವ ಮುಂಚಿನದು.

ರಾಗಿಹಿಟ್ಟು 200 ಗ್ರಾಂ: ಪ್ರೊಟೀನು 14 ಗ್ರಾಂ
ಅಕ್ಕಿ 150 ಗ್ರಾಂ: 12 ಗ್ರಾಂ
ಹುರುಳಿ ಅಥವಾ ಅವರೆಕಾಳು 75 ಗ್ರಾಂ: 16 ಗ್ರಾಂ
ಕಡಲೆಕಾಯಿ ಬೀಜ 40 ಗ್ರಾಂ: 10 ಗ್ರಾಂ
ಹಾಲು, ಮೊಸರು ಸೇರಿ 400 ಮಿಲಿಲೀಟರ್: 13 ಗ್ರಾಂ
ಮೊಟ್ಟೆ ಎರಡು: 13 ಗ್ರಾಂ

ಒಟ್ಟು 78 ಗ್ರಾಂ. 55 ಕಿಲೋ ತೂಕದವರಿಗೆ ಕಿಲೋಗೆ 1.4 ಗ್ರಾಂ ಆಯಿತು. ಮೊಟ್ಟೆ ತಿನ್ನದವರು 30 ಗ್ರಾಂ ಸೋಯಾ ಚಂಕ್ಸ್ ಸೇರಿಸಿಕೊಂಡರೆ ಅಷ್ಟೇ ಸಿಗುತ್ತದೆ. ಇದನ್ನು ಒಂದೇ ಹೊತ್ತಿಗೆ ತುಂಬಿಕೊಳ್ಳದೆ ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಅನ್ನ, ಮುದ್ದೆ ಬಿಟ್ಟು ಬರೀ ಪ್ರೊಟೀನು ತಿನ್ನುವುದೂ ಬೇಡ. ಶಕ್ತಿಗೆ ಪಿಷ್ಟ ಸಾಲದಿದ್ದರೆ ದೇಹ ಪ್ರೊಟೀನನ್ನೇ ಸೌದೆಯಂತೆ ಉರಿಸುತ್ತದೆ.

ಡಬ್ಬಿಯಲ್ಲಿ ಏನಿದೆ?

ಹಾಲು ಒಡೆಸಿ ಪನೀರು ಮಾಡಿದಾಗ ಉಳಿಯುವ ತಿಳಿನೀರನ್ನು ನೋಡಿದ್ದೀರಲ್ಲ? ಹಾಲಿನ ಪ್ರೊಟೀನಿನಲ್ಲಿ ಸುಮಾರು ಐದನೇ ಒಂದು ಪಾಲು 'ವೇ' ಎಂಬ ಬಗೆಯದು. ಚೀಸ್ ಕಾರ್ಖಾನೆಗಳಲ್ಲಿ ಉಳಿಯುವ ತಿಳಿನೀರಿನಿಂದ ಇದನ್ನು ಸೋಸಿ ಒಣಗಿಸಿದರೆ ಡಬ್ಬಿಯ ಪುಡಿ ಸಿದ್ಧ. ಸುಲಭವಾಗಿ ಜೀರ್ಣವಾಗುವ ಒಳ್ಳೆಯ ಪ್ರೊಟೀನು ಅದು, ವಿಷವೇನಲ್ಲ. ಊಟ ಸೇರದ ರೋಗಿಗಳಿಗೆ ವೈದ್ಯರು ಇಂಥ ಪುಡಿಯನ್ನು ಬರೆದುಕೊಡುವುದೂ ಉಂಟು.

ಪುಡಿ ಮಾಡುವ ವಿದ್ಯೆ ನಮಗೆ ಹೊಸದೂ ಅಲ್ಲ. ಗುಂಡ್ಲುಪೇಟೆಯಿಂದ ಉತ್ತರಕ್ಕೆ ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಪಾಲು, ಹುರಿಗಡಲೆ ಹಿಟ್ಟು 25 ಪಾಲು ಬೆರೆಸಿ, ಜೀವಸತ್ವ ಸೇರಿಸಿ 'ವಿವಿಧೋದ್ದೇಶ ಆಹಾರ' ತಯಾರಿಸಿತು. ನೂರು ಗ್ರಾಂಗೆ ಸುಮಾರು 40 ಗ್ರಾಂ ಪ್ರೊಟೀನು. ಆ ಪುಡಿಯ ಉದ್ದೇಶ ಹಸಿದವರ ಊಟದಲ್ಲಿ ಇಲ್ಲದ್ದನ್ನು ತುಂಬುವುದು.

ಇಂದಿನ ಡಬ್ಬಿಯ ತೊಂದರೆ ಬೇರೆ: ಹೊರಗೆ ಬರೆದದ್ದು ಒಳಗಿದೆಯೇ? ಆಹಾರದ ಪ್ರೊಟೀನನ್ನು ಅಳೆಯುವ ಹಳೆಯ ವಿಧಾನ 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕಂಡುಹಿಡಿದದ್ದು. ಅದರಲ್ಲಿ ಅಳೆಯುವುದು ನೈಟ್ರೋಜನ್ ಅನ್ನು. ಬಂದ ಸಂಖ್ಯೆಯನ್ನು 6.25ರಿಂದ ಗುಣಿಸಿದರೆ ಪ್ರೊಟೀನು. ಆಗ ಹೇಳಿದ ಶೇಕಡಾ 16 ಇಲ್ಲಿ ಕೆಲಸಕ್ಕೆ ಬಂತು: 100ನ್ನು 16ರಿಂದ ಭಾಗಿಸಿದರೆ 6.25. ಹಾಗಾದರೆ ನೈಟ್ರೋಜನ್ ಇರುವ ಯಾವುದೋ ಅಗ್ಗದ ವಸ್ತು ಬೆರೆಸಿದರೂ ಪ್ರೊಟೀನು ಹೆಚ್ಚಾದಂತೆ ಕಾಣುತ್ತದಲ್ಲವೇ? ಮೋಸಗಾರರು ಮಾಡುವುದು ಅದನ್ನೇ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ್ದರಿಂದ ಸುಮಾರು 3 ಲಕ್ಷ ಶಿಶುಗಳು ಕಾಯಿಲೆ ಬಿದ್ದವು.

ನಮ್ಮ ದೇಶದ ಸಂಗತಿಯೂ ಸಮಾಧಾನಕರವಲ್ಲ. ಕೇರಳದ ವೈದ್ಯರ ನೇತೃತ್ವದ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇಕಡಾ 70ರಷ್ಟರಲ್ಲಿ ಪ್ರೊಟೀನಿನ ಬಗ್ಗೆ ಲೇಬಲ್ ಹೇಳಿದ್ದು ಸರಿಯಿರಲಿಲ್ಲ. ಕೆಲವು ಪುಡಿಗಳಲ್ಲಿ ಶಿಲೀಂಧ್ರದ ವಿಷ, ಕೀಟನಾಶಕದ ಶೇಷ ಸಿಕ್ಕಿತು. ಅದೇ ವರ್ಷ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ, ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದು ಸಲಹೆ ನೀಡಿತು.

ಪುಡಿಯಿಂದ ಸೂಜಿಗೆ

ಪುಡಿಯ ಪಕ್ಕದಲ್ಲೇ ಕ್ರಿಯಾಟಿನ್ ಇರುತ್ತದೆ. ಇದನ್ನು ನಮ್ಮ ದೇಹವೂ ತಯಾರಿಸುತ್ತದೆ. ಅಲ್ಪಕಾಲದ ಬಿರುಸಾದ ಶ್ರಮಕ್ಕೆ ಅದು ನೆರವಾಗುತ್ತದೆ ಎಂಬುದು ವಯಸ್ಕರಲ್ಲಿ ಚೆನ್ನಾಗಿ ಪರೀಕ್ಷೆಯಾಗಿದೆ. ಮೊದಲ ವಾರಗಳಲ್ಲಿ ಏರುವ ತೂಕದಲ್ಲಿ ಬಹುಪಾಲು ನೀರು. ಹದಿನೆಂಟು ತುಂಬದವರಿಗೆ ಇದು ಬೇಡ ಎಂಬುದು ಮಕ್ಕಳ ತಜ್ಞರ ಸಲಹೆ.

ನಿಜವಾದ ಅಪಾಯ ಅದರ ಮುಂದಿನ ಹೆಜ್ಜೆ. ಬೇಗ ಫಲ ಬೇಕೆಂದು ಕೆಲವರು ಅನಬಾಲಿಕ್ ಸ್ಟೆರಾಯ್ಡ್ ಮಾತ್ರೆ, ಸೂಜಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಇವು ಮೂಳೆಯ ಬೆಳವಣಿಗೆಯ ಭಾಗವನ್ನು ಬೇಗ ಮುಚ್ಚಿ ಎತ್ತರವನ್ನೇ ನಿಲ್ಲಿಸಬಲ್ಲವು. ಯಕೃತ್ತು, ಹೃದಯ ಕೆಡಬಹುದು. ಹುಡುಗರಲ್ಲಿ ವೃಷಣ ಕುಗ್ಗಬಹುದು, ಹುಡುಗಿಯರಲ್ಲಿ ದನಿ ಗಡುಸಾಗಬಹುದು. ಕೊಡುವವರು ಎಷ್ಟೇ ಆಪ್ತರಾಗಿರಲಿ, ಇದಕ್ಕೆ ಬೇಡ ಎನ್ನಿ. ಈಗಾಗಲೇ ತೆಗೆದುಕೊಂಡಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಅವರು ಬಯ್ಯುವುದಕ್ಕಲ್ಲ, ಕಾಪಾಡುವುದಕ್ಕೆ ಇರುವವರು.

ಕ್ರೀಡಾಪಟುಗಳಿಗೆ ಇನ್ನೊಂದು ಎಚ್ಚರಿಕೆ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ಹೊಣೆ ಆಟಗಾರರದೇ. "ಪುಡಿಯಲ್ಲಿ ಬೆರೆತಿತ್ತು, ನನಗೆ ಗೊತ್ತಿರಲಿಲ್ಲ" ಎಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು.

ನೀವೇ ಮಾಡಿ ನೋಡಿ

ಈ ವಾರ ಮೂರು ಕೆಲಸ ಮಾಡಿ. ಒಂದು, ನಿಮ್ಮ ತೂಕ ನೋಡಿಕೊಂಡು ಬೇಕಾದ ಪ್ರೊಟೀನು ಎಷ್ಟೆಂದು ಲೆಕ್ಕ ಹಾಕಿ. ಎರಡು, ಮನೆಯ ಅಡುಗೆಗೆ ಎಷ್ಟು ಕಾಳು ಹಾಕುತ್ತಾರೆ, ನಿಮ್ಮ ಪಾಲಿಗೆ ಎಷ್ಟು ಬರುತ್ತದೆ ಎಂದು ಅಮ್ಮನ ಜೊತೆ ನಿಂತು ಅಳೆಯಿರಿ. ಮೂರು, ಬೆಲೆ ಹೋಲಿಸಿ. ಒಂದು ಕಿಲೋ ಹುರುಳಿಯಲ್ಲಿ 220 ಗ್ರಾಂ ಪ್ರೊಟೀನು. 30 ಗ್ರಾಂ ಪುಡಿಗೆ 24 ಗ್ರಾಂ ಎಂದು ಬರೆದಿರುವ ಡಬ್ಬಿಯ ಒಂದು ಕಿಲೋದಲ್ಲಿ 800 ಗ್ರಾಂ. ಅಂದರೆ ಡಬ್ಬಿಯ ಬೆಲೆ ಹುರುಳಿಯ ಬೆಲೆಯ ಸುಮಾರು 3.6 ಪಟ್ಟನ್ನು ದಾಟಿದ ಕೂಡಲೇ ಅಗ್ಗವಾದದ್ದು ಹುರುಳಿ. ಎಷ್ಟು ಪಟ್ಟು ಇದೆ ಎಂದು ಅಂಗಡಿಯಲ್ಲಿ ಕೇಳಿ ಬನ್ನಿ. ಇಷ್ಟಾದ ಮೇಲೂ ಡಬ್ಬಿ ಬೇಕೆನ್ನಿಸಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ, ರಸೀದಿ ಪಡೆಯಿರಿ, ವೈದ್ಯರನ್ನು ಕೇಳಿ.

ಪ್ರತಿ ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳಲ್ಲಿ ಚಾಮರಾಜನಗರದವರೂ ಇರುತ್ತಾರೆ. ಆ ಕಾಳಗ ನಡೆಯುವುದು ಕೆಲವೇ ಕ್ಷಣ, ಅದರ ಹಿಂದಿನ ಸಾಮು ವರ್ಷಗಟ್ಟಲೆಯದು. ನಿಮ್ಮ ಮೈಯೂ ಹಾಗೆಯೇ ಕಟ್ಟಬೇಕು: ದಿನವೂ ಸ್ವಲ್ಪ ಹೆಚ್ಚು ಶ್ರಮ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ರೆ. ನಾಳೆ ಮನೆಯಲ್ಲಿ ಹುರುಳಿಕಟ್ಟಿನ ಸಾರು ಮಾಡಿದರೆ, ಕಾಳು ಕೊಟ್ಟಿಗೆಗೆ ಹೋಗುವ ಮೊದಲು ಒಂದು ಬಟ್ಟಲು ತೆಗೆದಿಡಲು ಹೇಳಿ.