ಏಡಿ ನೀಹಾರಿಕೆಯ ನಡುವಿನ ನಕ್ಷತ್ರ

ಆಯುಷ್ಯ ತೀರಿದ ನಕ್ಷತ್ರವು ಸಿಡಿಯುವ ಘಟನೆಗೆ ಸೂಪರ್‌ನೋವಾ ಎಂದೂ, ಆಗ ಹೊರಚಿಮ್ಮಿ ಸಾವಿರಾರು ವರ್ಷ ಹರಡುತ್ತ ಹೋಗುವ ಅನಿಲರಾಶಿಗೆ ಸೂಪರ್‌ನೋವಾ ಅವಶೇಷವೆಂದೂ ಹೆಸರು. 1054ರಲ್ಲಿ ಚೀನಾದ ವೀಕ್ಷಕರು ಹಗಲಿನಲ್ಲೂ ಕಂಡು ದಾಖಲಿಸಿದ ‘ಅತಿಥಿ ನಕ್ಷತ್ರ’ದ ಅವಶೇಷವೇ ವೃಷಭ ರಾಶಿಯಲ್ಲಿ, ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವ ಏಡಿ ನೀಹಾರಿಕೆ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದು ಮೌಂಟ್ ವಿಲ್ಸನ್ ವೀಕ್ಷಣಾಲಯವನ್ನು ಸೇರಿದ ರುಡಾಲ್ಫ್ ಮಿಂಕೋವ್‌ಸ್ಕಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರುವ ರೋಹಿತದಲ್ಲಿ ಹೈಡ್ರೋಜನ್ ರೇಖೆಗಳಿಲ್ಲದವು ಮೊದಲನೆಯ ಬಗೆ, ಇರುವವು ಎರಡನೆಯ ಬಗೆ ಎಂದು 1941ರಲ್ಲಿ ಸೂಪರ್‌ನೋವಾಗಳನ್ನು ವಿಂಗಡಿಸಿದರು. ಮರುವರ್ಷ, ಏಡಿ ನೀಹಾರಿಕೆಯ ನಡುವಿನ ಮಂಕಾದ ನಕ್ಷತ್ರವೊಂದನ್ನು ಆ ಸ್ಫೋಟದ ಶೇಷವೆಂದು ಗುರುತಿಸಿದರು. ಅದು ಸೆಕೆಂಡಿಗೆ ಸುಮಾರು 30 ಬಾರಿ ತಿರುಗುವ ಪಲ್ಸಾರ್, ಅಂದರೆ ಬಹುಪಾಲು ನ್ಯೂಟ್ರಾನ್‌ಗಳಿಂದಲೇ ಆದ ಅತಿಸಾಂದ್ರ ಕಾಯವೆಂದು 1968 ಮತ್ತು 1969ರ ವೀಕ್ಷಣೆಗಳು ತೋರಿಸಿಕೊಟ್ಟಾಗ, ಅವರ ತಾಳ್ಮೆಯ ಅಧ್ಯಯನಕ್ಕೆ ಸಮರ್ಥನೆ ದೊರೆಯಿತು.